ಪಿಒಪಿ ಬ್ಯಾಂಡೇಜಿನಲ್ಲಿ ಘಾಟಿ ಬೆಟ್ಟ: ಐದು ರೋಲ್ ಮುಗಿಸಿದ ಮೇಲಿನ ವಿಮರ್ಶೆ

ಕೈಕಾಲು ಮುರಿದಾಗ ಸುತ್ತುತ್ತಾರಲ್ಲ, ಮೆಡಿಕಲ್ ಶಾಪಿನಲ್ಲಿ ಸಿಗುವ ಬಿಳಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್, ಅದರ ಬಗ್ಗೆ ಈ ವಿಮರ್ಶೆ. ನಾನು ಅದನ್ನು ಕೊಂಡಿದ್ದು ಬೆಟ್ಟ ಕಟ್ಟಲಿಕ್ಕೆ. ಮನೆಯಲ್ಲಿ 8 ಅಡಿಗೆ 4 ಅಡಿ ಪ್ಲೈವುಡ್ ಹಲಗೆಯ ಮೇಲೆ ಮಾಡೆಲ್ ರೈಲು ಹಾಕಿಕೊಂಡಿದ್ದೇನೆ. ಅದರ ಒಂದು ಮೂಲೆಯಲ್ಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಜಾಗದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿಯ ಒಂದು ತುಣುಕು ಬೇಕಿತ್ತು. ಒಂದು ಸುರಂಗ, ಒಂದು ಸೇತುವೆ, ನಡುವೆ ಹಳಿಗೆ ಒರಗಿಕೊಂಡಂತೆ ನಿಂತ ಕಪ್ಪು ಬಂಡೆ. ಅಷ್ಟೇ ಆಸೆ.

ಆ ದಾರಿಯಲ್ಲಿ ಹಗಲು ರೈಲಿನಲ್ಲಿ ಹೋದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ದಾಟಿ ನೆಟ್ಟಣ (ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವ ಊರು) ಬರುವವರೆಗೂ ರೈಲು ನಿಧಾನಕ್ಕೇ ಹೋಗುತ್ತದೆ, ಹಾಗಾಗಿ ಕಿಟಕಿಯ ಪಕ್ಕದ ಬಂಡೆಯನ್ನು ಮುಖ ನೋಡಿದ ಹಾಗೆ ನೋಡಬಹುದು. 2021ರ ಜುಲೈಯಲ್ಲಿ ಈ ದಾರಿಗೆ ಗಾಜಿನ ವಿಸ್ಟಾಡೋಮ್ ಬೋಗಿ ಬಂತು. ನನಗಂತೂ ಈಗಲೂ ಸಾದಾ ಬೋಗಿಯ ತೆರೆದ ಕಿಟಕಿಯೇ ಇಷ್ಟ, ಬಂಡೆಯ ತಂಪು ಮುಖಕ್ಕೆ ಹೊಡೆಯಬೇಕು.

ಮೊದಲು ಏನೇನು ಮಾಡಿ ಕೈ ಸುಟ್ಟುಕೊಂಡೆ ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬ್ಯಾಂಡೇಜ್ ಯಾಕೆ ಇಷ್ಟ ಆಯ್ತು ಅಂತ ಅರ್ಥ ಆಗುವುದಿಲ್ಲ. ಮೊದಲ ಬೆಟ್ಟ ಹಳೇ ಪೇಪರ್ ಮತ್ತು ಮೈದಾ ಅಂಟಿನದು. ಬೇಸಿಗೆಯಲ್ಲಿ ಚೆನ್ನಾಗಿಯೇ ಇತ್ತು. ಮಳೆಗಾಲ ಬಂತು ನೋಡಿ, ಒಳಗಿಂದ ಬೂಷ್ಟು ಹಿಡಿಯಿತು, ಆಮೇಲೆ ಜಿರಲೆ. ಇಡೀ ಬೆಟ್ಟ ಎತ್ತಿ ಬಿಸಾಕಬೇಕಾಯಿತು. ಎರಡನೆಯದು ಪೂರ್ತಿ ಥರ್ಮಾಕೋಲ್. ಚಾಕುವಿನಲ್ಲಿ ಕೆತ್ತಿ, ಖುಷಿಯಿಂದ ಅದರ ಮೇಲೆ ನೇರವಾಗಿ ಸ್ಪ್ರೇ ಪೇಂಟ್ ಹೊಡೆದೆ. ಬಣ್ಣದಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ಕರಗಿಸುತ್ತದೆ ಅನ್ನುವುದು ನನ್ನ ಕಣ್ಣೆದುರೇ ಗೊತ್ತಾಯಿತು, ಸಂಜೆ ಕೆತ್ತಿದ ಬಂಡೆ ಎರಡು ನಿಮಿಷದಲ್ಲಿ ಜೇನುಗೂಡಿನ ಹಾಗೆ ತೂತು ತೂತಾಗಿ ಕುಸಿದು ಕೂತಿತು. ಥರ್ಮಾಕೋಲ್ ಬಳಸುವವರು ನೀರಿನ ಬಣ್ಣ ಮಾತ್ರ ಬಳಸಿ, ಅಂಟಿಗೆ ಬಿಳಿ ಫೆವಿಕಾಲ್ ಮಾತ್ರ. ಪಂಕ್ಚರ್ ಹಾಕುವ ರಬ್ಬರ್ ಸೊಲ್ಯೂಶನ್ ಥರದ್ದು ಹತ್ತಿರವೂ ಬೇಡ.

ಮೂರನೇ ಸಲ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಅಳೆದು ಕೊಡುವ ಪಿಒಪಿ ಪುಡಿ ತಂದೆ. ಅದು ಗಂಟೆಗಟ್ಟಲೆ ಕಾದರೂ ಗಟ್ಟಿ ಆಗಲಿಲ್ಲ, ಬೆರಳಿಟ್ಟರೆ ಸೀಮೆಸುಣ್ಣದ ಹಾಗೆ ಉದುರುತ್ತಿತ್ತು. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಿನ ನೀರನ್ನು ಮುಕ್ಕಾಲು ಭಾಗ ಓಡಿಸಿದರೆ ಬರುವ ಪುಡಿ ಪಿಒಪಿ. ನಾವು ಮತ್ತೆ ನೀರು ಕೊಟ್ಟಾಗ ಅದು ವಾಪಸ್ ಕಲ್ಲಾಗುತ್ತದೆ. ಆದರೆ ಬಾಯಿ ತೆರೆದ ಚೀಲ ತಿಂಗಳುಗಟ್ಟಲೆ ಇದ್ದರೆ ಗಾಳಿಯ ತೇವವನ್ನೇ ಕುಡಿದು ಅರ್ಧ ಕೆಲಸ ಅಲ್ಲೇ ಮುಗಿಸಿಬಿಡುತ್ತದೆ. ಆಮೇಲೆ ನಾವು ಕಲಸಿ ಏನು ಪ್ರಯೋಜನ?

ಬ್ಯಾಂಡೇಜ್ ಗೆಲ್ಲುವುದು ಇಲ್ಲೇ. ಒಂದೊಂದು ರೋಲೂ ಸೀಲ್ ಮಾಡಿದ ಪ್ಯಾಕೆಟಿನಲ್ಲಿ ಬರುತ್ತದೆ. ಒಳಗಿರುವ ಪುಡಿ ಒಣಗಿಯೇ ಇರುತ್ತದೆ. ನಾನು ಕೊಂಡಿದ್ದು 15 ಸೆಂ.ಮೀ ಅಗಲ, 2.7 ಮೀಟರ್ ಉದ್ದದ್ದು. 10 ಸೆಂ.ಮೀ ಅಗಲದ್ದೂ ಸಿಗುತ್ತದೆ, ಸುರಂಗದ ಬಾಯಿಯ ಸುತ್ತ ಅದು ಒಳ್ಳೆಯದು. ಬೆಲೆ ಒಂದು ರೋಲಿಗೆ ಹೆಚ್ಚುಕಡಿಮೆ ಎರಡು ಮಸಾಲೆ ದೋಸೆಯ ದುಡ್ಡು. ಐದು ರೋಲ್ ಕೇಳಿದಾಗ ಅಂಗಡಿಯವರು ಗಾಬರಿಯಿಂದ "ಏನಾಯ್ತು ಸರ್, ಆಕ್ಸಿಡೆಂಟಾ?" ಅಂತ ಕೇಳಿದರು. ಮೊಬೈಲಿನಲ್ಲಿ ಹಲಗೆಯ ಫೋಟೋ ತೋರಿಸಿದೆ. "ಹಾಗಾದ್ರೆ ಡೇಟ್ ಹೊಸದಿರೋದೇ ಕೊಡ್ತೀನಿ ಇರಿ" ಅಂತ ಒಳಗೆ ಹೋಗಿ ಹುಡುಕಿ ತಂದರು. ಆ ಮಾತು ನಿಜಕ್ಕೂ ಮುಖ್ಯ. ಪ್ಯಾಕೆಟಿನ ಮೇಲಿನ ತಾರೀಖು ನೋಡಿ ತಗೊಳ್ಳಿ, ಪ್ಯಾಕೆಟ್ ತೂತಾಗಿದ್ದರೆ ಬೇಡ ಅನ್ನಿ.

ವಿದೇಶದಲ್ಲಿ ಮಾಡೆಲ್ ರೈಲಿನವರಿಗೇ ಅಂತ ಪ್ಲಾಸ್ಟರ್ ಬಟ್ಟೆ ಮಾರುತ್ತಾರೆ. ಅಮೆರಿಕದ ವುಡ್‌ಲ್ಯಾಂಡ್ ಸೀನಿಕ್ಸ್ ಕಂಪನಿಯದು ಹೆಸರುವಾಸಿ. ಗೆಳೆಯರೊಬ್ಬರು ಕೊಟ್ಟ ಒಂದು ತುಂಡು ಬಳಸಿ ನೋಡಿದ್ದೇನೆ. ಅದೂ ಜಾಳು ಬಟ್ಟೆಗೆ ಪ್ಲಾಸ್ಟರ್ ಹಚ್ಚಿದ್ದೇ. ನನ್ನ ಕೈಗೆ ಎರಡಕ್ಕೂ ದೊಡ್ಡ ವ್ಯತ್ಯಾಸ ಗೊತ್ತಾಗಲಿಲ್ಲ. ತರಿಸುವ ಖರ್ಚು ಯೋಚಿಸಿದರೆ ನಮ್ಮ ಬೀದಿಯ ಮೆಡಿಕಲ್ ಶಾಪೇ ಸರಿ.

ಬಳಸುವ ಬಗೆ ಹೇಳುತ್ತೇನೆ. ಕೆಳಗೆ ಬೆಟ್ಟದ ಅಸ್ಥಿಪಂಜರ ಬೇಕು. ಫ್ರಿಜ್, ಟಿವಿ ಬಂದ ರಟ್ಟಿನ ಡಬ್ಬವನ್ನು ಒಂದು ಇಂಚು ಅಗಲದ ಪಟ್ಟಿಗಳಾಗಿ ಕತ್ತರಿಸಿ, ಬುಟ್ಟಿ ಹೆಣೆದ ಹಾಗೆ ಅಡ್ಡ ಉದ್ದ ಹೆಣೆದು ಅಂಟಿಸಿದೆ. ಒಳಗೆ ಪೇಪರ್ ಉಂಡೆ ತುರುಕಿದೆ, ಒದ್ದೆ ಬಟ್ಟೆಯ ಭಾರಕ್ಕೆ ಪಟ್ಟಿ ಕುಸಿಯಬಾರದಲ್ಲ. ಮೇಲಿನದು ಒಣಗಿದ ಮೇಲೆ ಹಿಂದಿನಿಂದ ಕೈ ಹಾಕಿ ಆ ಉಂಡೆ ತೆಗೆದುಬಿಡಬೇಕು, ಮಳೆಗಾಲದ ಬೂಷ್ಟಿನ ಕಥೆ ಮರೆತಿಲ್ಲ. ಹಳಿ ಏರುವ ಜಾಗಕ್ಕೆ ಮಾತ್ರ ಥರ್ಮಾಕೋಲ್ ಇಳಿಜಾರು. ಘಾಟಿಯ ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಅದನ್ನೇ ಇಟ್ಟುಕೊಂಡರೆ ಎಂಟು ಅಡಿ ಹಲಗೆಯ ಉದ್ದಕ್ಕೆ ಹಳಿ ಸುಮಾರು 5 ಸೆಂ.ಮೀ ಏರುತ್ತದೆ. ನೋಡಲು ಏನೂ ಅಲ್ಲ ಅನಿಸುತ್ತದೆ, ಇಂಜಿನ್‌ಗೆ ಐದು ಬೋಗಿ ಕಟ್ಟಿ ಬಿಟ್ಟಾಗ ಅದು ಏದುಸಿರು ಬಿಡುವುದು ಕಾಣುತ್ತದೆ.

ಬ್ಯಾಂಡೇಜನ್ನು ಒಂದು ಗೇಣು ಉದ್ದದ ತುಂಡುಗಳಾಗಿ ಒಣಗಿದ್ದಾಗಲೇ ಕತ್ತರಿಸಿಟ್ಟುಕೊಳ್ಳಿ. ಕೈ ಒದ್ದೆಯಾದ ಮೇಲೆ ರೋಲ್ ಮುಟ್ಟಬೇಡಿ. ಅಗಲ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು. ತುಂಡನ್ನು ಮುಳುಗಿಸಿದ ಕೂಡಲೇ ಸಣ್ಣ ಗುಳ್ಳೆ ಏಳುತ್ತವೆ, ಗುಳ್ಳೆ ನಿಂತ ಕ್ಷಣ ಎತ್ತಿ. ಹಿಂಡಬಾರದು, ಎರಡು ಬೆರಳ ನಡುವೆ ಒಂದು ಸಲ ಸವರಿ ನೀರು ಇಳಿಸಬೇಕು, ಜೋರಾಗಿ ಹಿಂಡಿದರೆ ಪ್ಲಾಸ್ಟರೆಲ್ಲ ತಟ್ಟೆಗೇ ಹೋಗುತ್ತದೆ. ಬೆಟ್ಟದ ಮೇಲೆ ಹಾಸಿ ಒದ್ದೆ ಬೆರಳಿನಲ್ಲಿ ತಿಕ್ಕಿ ತಿಕ್ಕಿ ಜಾಳಿನ ತೂತು ಮುಚ್ಚಿ. ಮುಂದಿನ ತುಂಡು ಹಿಂದಿನದರ ಅರ್ಧ ಮುಚ್ಚುವ ಹಾಗೆ ಬರಲಿ. ಐದು ನಿಮಿಷದಲ್ಲಿ ಬಿಗಿಯುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಆ ಬಿಸಿ ಪಿಒಪಿ ಕಲ್ಲಾಗುವಾಗ ಹೊರಬರುವ ಬಿಸಿ. ಇದೇ ಕಾರಣಕ್ಕೆ ಮಕ್ಕಳು ಸುಮ್ನೆ ಆಟಕ್ಕೆ ಕೈಯನ್ನು ಪಿಒಪಿ ಬಕೆಟಿನಲ್ಲಿ ಅದ್ದಿ ಇಟ್ಟುಕೊಳ್ಳುವುದು ತುಂಬಾ ಅಪಾಯ, ದಪ್ಪಗೆ ಇದ್ದರೆ ಚರ್ಮ ಸುಡುವಷ್ಟು ಬಿಸಿ ಆಗುತ್ತದೆ. ಮತ್ತೆ, ಉಳಿದ ಬಿಳಿ ನೀರನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೂ ಅದು ಕಲ್ಲೇ ಆಗುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ಬಿಟ್ಟರೆ ಅಡಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ಮೇಲಿನ ನೀರು ಬಗ್ಗಿಸಿ, ಆ ಗಟ್ಟಿಯನ್ನು ಕಸಕ್ಕೆ ಹಾಕಿ.

ಎರಡು ಪದರ ಹಾಕಿದ್ದಕ್ಕೆ ಐದು ರೋಲ್ ಸರಿಹೋಯಿತು. ಎರಡು ದಿನ ಬಿಟ್ಟು ಬೆರಳಲ್ಲಿ ತಟ್ಟಿ ನೋಡಿದೆ, ಮಡಕೆಯ ಸದ್ದು ಬಂತು. ಹಗುರವಾಗಿತ್ತು, ಒಬ್ಬನೇ ಎರಡು ಕೈಯಲ್ಲಿ ಎತ್ತಬಹುದಿತ್ತು. ಗಟ್ಟಿತನಕ್ಕೆ, ಹಗುರಕ್ಕೆ, ಸುಲಭಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ.

ಆದರೆ ಬಂಡೆ? ಅದಕ್ಕೆ ಮಾರ್ಕ್ಸ್ ಇಲ್ಲ. ಬ್ಯಾಂಡೇಜ್ ಮಾತ್ರ ಹಾಕಿ ಬಣ್ಣ ಬಳಿದರೆ ಅದು ಬಟ್ಟೆ ಹೊದಿಸಿದ ಬೆಟ್ಟದ ಹಾಗೆಯೇ ಕಾಣುತ್ತದೆ. ಎಲ್ಲ ಕಡೆ ನುಣುಪು, ಉಬ್ಬು. ಹತ್ತಿರ ಹೋದರೆ ನೇಯ್ಗೆಯ ಚೌಕ ಚೌಕ ಎದ್ದು ಕಾಣುತ್ತದೆ. ನನ್ನ ಮಾಡೆಲ್ ಎಚ್‌ಒ ಸ್ಕೇಲಿನದು, ಅಂದರೆ ನಿಜದ 87ರಲ್ಲಿ ಒಂದು ಪಾಲು, ಆರಡಿ ಮನುಷ್ಯ ಇಲ್ಲಿ 2 ಸೆಂ.ಮೀ ಎತ್ತರ. ಅವನ ಪಕ್ಕದಲ್ಲಿ ಆ ಒಂದೊಂದು ಚೌಕವೂ ಒಂದು ಹಿಡಿ ದಪ್ಪದ ಗುಳಿ ಅನಿಸುತ್ತದೆ. ಹಾಗಾಗಿ ಇದು ಬೆಟ್ಟದ ಚರ್ಮ ಅಷ್ಟೇ, ಬಂಡೆಯ ಮುಖ ಬೇರೆ ಮಾಡಬೇಕು.

ಅದಕ್ಕೆ ನನಗೆ ಸಿಕ್ಕ ಅತಿ ಒಳ್ಳೆಯ ಸಾಮಾನು ಚಪಾತಿ ಸುತ್ತುವ ಅಲ್ಯುಮಿನಿಯಂ ಫಾಯಿಲ್. ಎರಡು ಗೇಣು ಫಾಯಿಲ್ ಹರಿದು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ, ಆಮೇಲೆ ಅರ್ಧ ಮಾತ್ರ ಬಿಡಿಸಿ. ಪೂರ್ತಿ ಬಿಡಿಸಿದರೆ ಮಡಿಕೆ ಸತ್ತು ಹೋಗುತ್ತದೆ. ಅಂಗೈಯಲ್ಲಿ ಬೋಗುಣಿ ಥರ ಹಿಡಿದು ಪಿಒಪಿ ಹುಯ್ಯಿರಿ. ಇಲ್ಲಿ ಪುಡಿ ಬೇಕೇ ಬೇಕು, ಸೀಲ್ ಮಾಡಿದ ಒಂದು ಕಿಲೋ ಪ್ಯಾಕೆಟ್ ತಂದರೆ ಸಾಕು. ಅಳತೆ ಎರಡು ಲೋಟ ಪುಡಿಗೆ ಒಂದು ಲೋಟ ನೀರು, ಯಾವಾಗಲೂ ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಹಾಕಿದರೆ ಗಂಟು. ಮೂಗಿಗೆ ಮಾಸ್ಕ್ ಇರಲಿ. ದೋಸೆ ಹಿಟ್ಟಿನ ಹದದಲ್ಲಿ ಹುಯ್ದದ್ದು ಕೆಲವು ನಿಮಿಷಕ್ಕೆ ಗಟ್ಟಿ ಮೊಸರಿನ ಹದಕ್ಕೆ ಬರುತ್ತದೆ. ಅದೇ ಸಮಯ. ಬೆಟ್ಟದ ಆ ಜಾಗಕ್ಕೆ ನೀರು ಚಿಮುಕಿಸಿ, ಫಾಯಿಲ್ ಸಮೇತ ಒತ್ತಿ ಹಿಡಿದು ನಿಂತುಕೊಳ್ಳಿ. ಬೆಚ್ಚಗಾಗಿ ಬಿಗಿದ ಮೇಲೆ ಫಾಯಿಲನ್ನು ಮೆಲ್ಲಗೆ ಸುಲಿಯಿರಿ.

ಮೊದಲ ಸಲ ಸುಲಿದಾಗ ಒಳಗಿಂದ ಬಂದದ್ದನ್ನು ನೋಡಿ ಸುಮಾರು ಹೊತ್ತು ಕುರ್ಚಿಯಲ್ಲಿ ಕೂತುಬಿಟ್ಟೆ. ಚೂಪು ಅಂಚು, ಓರೆ ಸೀಳು, ಒಂದರ ಮೇಲೊಂದು ಜಾರಿದ ಪದರ, ಎಲ್ಲ ಇತ್ತು. ಎಡಕುಮೇರಿ ಕಡೆ ರೈಲು ನಿಂತಾಗ ಕಿಟಕಿಯಿಂದ ಕೈ ಚಾಚಿದರೆ ಸಿಗುತ್ತೇನೋ ಅನಿಸುವ ಬಂಡೆಯ ಮುಖ ಅದೇ.

ಒಂದು ಎಚ್ಚರ ಹೇಳಲೇಬೇಕು. ಪ್ರತಿ ತುಂಡಿನ ಸೀಳೂ ಒಂದೇ ದಿಕ್ಕಿಗೆ ಓರೆಯಾಗಿರಲಿ. ನಿಜದ ಬೆಟ್ಟದಲ್ಲಿ ಪದರ ಒಂದು ಕಡೆ ವಾಲಿದರೆ ಆ ಇಡೀ ಮಗ್ಗುಲಲ್ಲಿ ಹೆಚ್ಚಾಗಿ ಹಾಗೆಯೇ ಇರುತ್ತದೆ. ನಾನು ಮೊದಲು ಹೇಗೆ ಬಂತೋ ಹಾಗೆ ಒತ್ತಿ, ಆಮೇಲೆ ನಾಲ್ಕು ತುಂಡು ಕಿತ್ತು ಮತ್ತೆ ಮಾಡಿದೆ. ಎರಡು ತುಂಡಿನ ನಡುವಿನ ಗೆರೆಗೆ ಅಂಚನ್ನು ಉಗುರಿನಲ್ಲಿ ಮುರಿದು, ಸಂದಿಗೆ ತೆಳು ಪಿಒಪಿ ಬ್ರಷ್‌ನಲ್ಲಿ ಹಚ್ಚಿ. ಇನ್ನೂ ಒಂದು ಚಿಕ್ಕ ಕೆಲಸ ಇದೆ, ಇದನ್ನು ಯಾರೂ ಬಿಡಬೇಡಿ. ಹಳಿಯ ಪಕ್ಕದ ಬಂಡೆ ತಾನಾಗಿ ಹುಟ್ಟಿದ ಬಂಡೆ ಅಲ್ಲ, ಜನ ಡ್ರಿಲ್ ಮಾಡಿ ಮದ್ದು ತುಂಬಿ ಸಿಡಿಸಿದ್ದು. ಅಲ್ಲಲ್ಲಿ ಡ್ರಿಲ್ ಇಳಿದ ಗೀರು ಉದ್ದಕ್ಕೆ ಉಳಿದಿರುತ್ತದೆ, ಬಿದಿರನ್ನು ಸೀಳಿ ಅಂಟಿಸಿದ ಹಾಗೆ. ಆ ತೂತು ನಿಜದಲ್ಲಿ ಹೆಬ್ಬೆರಳು ಗಾತ್ರ ಅಂದುಕೊಂಡರೂ 87ರ ಲೆಕ್ಕದಲ್ಲಿ ಕಾಲು ಮಿಲಿಮೀಟರ್ ಚಿಲ್ಲರೆ. ಹೊಲಿಗೆ ಸೂಜಿ ಸಾಕು. ಪಿಒಪಿ ಇನ್ನೂ ಹಸಿ ಇರುವಾಗ ಸ್ಕೇಲ್ ಇಟ್ಟು ಸಮ ದೂರಕ್ಕೆ ಐದಾರು ಗೀರು ಎಳೆದೆ. ಅಷ್ಟಕ್ಕೇ ಅದು ಬರೀ ಬೆಟ್ಟ ಹೋಗಿ ರೈಲಿನ ಘಾಟಿ ಆಯಿತು. ಈ ಘಾಟಿಯಲ್ಲಿ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಲೈನಿನಲ್ಲಿ ರೈಲು ಶುರುವಾದದ್ದು 1979ರಲ್ಲಿ. ಆ ಮಳೆಯಲ್ಲಿ, ಆ ಜಿಗಣೆಯಲ್ಲಿ ಈ ಬಂಡೆ ಕೊರೆದವರು ಎಷ್ಟು ಕಷ್ಟಪಟ್ಟಿರಬೇಕು ಅಂತ ಪ್ರತಿ ಗೀರಿಗೂ ನೆನಪಾಗುತ್ತದೆ.

ಮರದ ತೊಗಟೆಯನ್ನೂ ಬಳಸಿದೆ. ಹುಣಸೆ ಮರದ ಬಿರುಕು ಬಿಟ್ಟ ತೊಗಟೆ ಬುಡದಲ್ಲಿ ಉದುರಿ ಬಿದ್ದಿರುತ್ತದೆ, ಒಂದು ವಾರ ಬಿಸಿಲಿಗಿಟ್ಟು ಹುಳ ಹೋದ ಮೇಲೆ ಅಂಟಿಸಬಹುದು. ಕಣಿವೆಯ ತಳದ ಬಿಡಿ ಬಂಡೆಗೆ ಪರವಾಗಿಲ್ಲ, ದೊಡ್ಡ ಗೋಡೆಗೆ ಬೇಡ, ಮರ ಅಂತ ಗೊತ್ತಾಗಿಬಿಡುತ್ತದೆ. ಇದ್ದಿಲು ಬೇಡವೇ ಬೇಡ. ನೋಡಲು ಚಂದ, ಮುಟ್ಟಿದರೆ ಪುಡಿ, ಆ ಪುಡಿ ಹಳಿಗೆ ಬಿದ್ದು ಚಕ್ರ ಕೊಳೆ.

ಈಗ ಬಣ್ಣ. ನನ್ನ ಪ್ರಕಾರ ಅರ್ಧ ಬೆಟ್ಟ ಇರುವುದೇ ಬಣ್ಣದಲ್ಲಿ. ನಮಗೆ ಸಿಗುವ ವಿಡಿಯೋ, ಪುಸ್ತಕದಲ್ಲಿ ಜಾಸ್ತಿ ಭಾಗ ಅಮೆರಿಕದ ರಾಕಿ ಪರ್ವತದ ಬಂಡೆ. ಆ ಕಡೆಯವರು ಇದರಲ್ಲಿ ದೊಡ್ಡ ಕೈ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜಾನ್ ಅಲೆನ್ ಅನ್ನುವವರು ಮನೆಯ ನೆಲದಿಂದಲೇ ಪ್ಲಾಸ್ಟರ್ ಬೆಟ್ಟ ಎಬ್ಬಿಸಿದ್ದರು, 1973ರಲ್ಲಿ ಅವರು ತೀರಿಕೊಂಡ ಕೆಲವೇ ದಿನಕ್ಕೆ ಅದು ಬೆಂಕಿಗೆ ಹೋಯಿತು. ಫೋಟೋ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅವರ ಒಣ ಬೆಟ್ಟದ ಹಳದಿ, ಕಂದು, ತಿಳಿ ಬೂದಿ ಬಣ್ಣ ನಮ್ಮ ಘಾಟಿಗೆ ಹಾಕಿದರೆ ಸುಳ್ಳು. ನಮ್ಮದು ನೆನೆದ ಬಂಡೆ. ಕಪ್ಪು, ಅದರ ಮೇಲೆ ಪಾಚಿಯ ಹಸಿರು, ನೀರು ಒಸರುವ ಕಡೆ ತುಕ್ಕಿನ ಕೆಂಪು ಗೆರೆ, ಅಲ್ಲಲ್ಲಿ ಸುಣ್ಣದ ಹಾಗೆ ಬಿಳಿ ಮಚ್ಚೆ.

ಇದಕ್ಕೆ ಪೇಂಟ್ ಅಂಗಡಿಯ ಸ್ಟೇನರ್ ಸಾಕು. ಗೋಡೆ ಬಣ್ಣಕ್ಕೆ ಬೆರೆಸುವ ಪುಟ್ಟ ಬಾಟಲಿ. ಕಪ್ಪು, ಬರ್ನ್ಟ್ ಸಿಯೆನ್ನಾ ಅನ್ನುವ ಕಂದು, ಯೆಲ್ಲೋ ಆಕ್ಸೈಡ್ ಅನ್ನುವ ಹಳದಿ, ಹಸಿರು, ನಾಲ್ಕೇ ತಂದೆ. ಒಂದು ಲೋಟ ನೀರಿಗೆ ಕಾಲು ಚಮಚಕ್ಕಿಂತ ಜಾಸ್ತಿ ಬೇಡ. ಮೊದಲು ಕಂದು ಮತ್ತು ಹಳದಿಯನ್ನು ಅಲ್ಲಲ್ಲಿ ಚಿರತೆಯ ಮಚ್ಚೆಯ ಹಾಗೆ ಇಟ್ಟು, ಅದು ಒದ್ದೆ ಇರುವಾಗಲೇ ತೆಳು ಕಪ್ಪು ನೀರನ್ನು ಮೇಲಿನಿಂದ ಬಿಡಬೇಕು. ಪಿಒಪಿ ನೀರನ್ನು ಎಳೆದುಕೊಳ್ಳುತ್ತದೆ, ಕಪ್ಪು ತಾನೇ ಸೀಳಿಗೆ ಇಳಿದು ಕೂರುತ್ತದೆ, ಮಚ್ಚೆಗಳೆಲ್ಲ ಒಂದಕ್ಕೊಂದು ಬೆರೆಯುತ್ತವೆ. ಒದ್ದೆಯಲ್ಲಿ ತೀರಾ ಗಾಢ ಕಾಣುತ್ತದೆ, ಗಾಬರಿ ಬೇಡ, ಒಣಗಿದಾಗ ತುಂಬಾ ತಿಳಿಯಾಗುತ್ತದೆ. ನಾನು ಮೂರು ಸಲ ಕಪ್ಪು ಬಿಡಬೇಕಾಯಿತು. ಕೊನೆಗೆ ಒಣ ಬ್ರಷ್‌ಗೆ ಚೂರೇ ಚೂರು ಬಿಳಿ ತಾಗಿಸಿ, ಪೇಪರಿನಲ್ಲಿ ಒರೆಸಿ, ಬಂಡೆಯ ಅಂಚಿಗೆ ಮಾತ್ರ ಸವರಿದೆ.

ಹಸಿರಿಗೆ ಅಡುಗೆಮನೆಯೇ ಅಂಗಡಿ. ಪಾತ್ರೆ ತೊಳೆಯುವ ಸ್ಪಂಜನ್ನು ಚೂರು ಮಾಡಿ, ನೀರು ಮತ್ತು ಹಸಿರು ಬಣ್ಣದ ಜೊತೆ ಹಳೇ ಮಿಕ್ಸಿ ಜಾರಿನಲ್ಲಿ ತಿರುಗಿಸಿ ಒಣಗಿಸಿದರೆ ಪೊದೆ ರೆಡಿ. ಆ ಜಾರ್ ಮತ್ತೆ ಅಡುಗೆಗೆ ಬೇಡ. ಟೀ ಚರಟ ಬಿದ್ದ ಎಲೆಗೆ, ತೆಂಗಿನ ನಾರು ಒಣ ಹುಲ್ಲಿಗೆ. ಚರಟ ಗರಿಗರಿ ಆಗುವವರೆಗೆ ಬಿಸಿಲಲ್ಲಿ ಇರಲಿ, ಇಲ್ಲದಿದ್ದರೆ ಬೂಷ್ಟು. ಎಲ್ಲ ಉದುರಿಸಿದ ಮೇಲೆ ಅರ್ಧ ಫೆವಿಕಾಲ್, ಅರ್ಧ ನೀರು, ಒಂದೇ ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಇಂಕ್ ಫಿಲ್ಲರಿನಲ್ಲಿ ಬಿಡಿ. ಆ ಒಂದು ಹನಿ ಇಲ್ಲದಿದ್ದರೆ ಅಂಟು ಮುತ್ತಿನ ಹಾಗೆ ಮೇಲೇ ಉರುಳುತ್ತದೆ.

ನೆಟ್ಟಣದ ಕಡೆಯ ಕೆಂಪು ನೆಲಕ್ಕೆ ಊರಿನ ಮಣ್ಣನ್ನೇ ತಂದು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಇದಕ್ಕೆ ಮೊದಲು ಮಣ್ಣನ್ನು ಪೇಪರಿನ ಮೇಲೆ ಹರಡಿ ಒಂದು ಅಯಸ್ಕಾಂತ ಆಡಿಸಿ. ನನ್ನ ಅಯಸ್ಕಾಂತಕ್ಕೆ ಕಪ್ಪು ಮೀಸೆ ಬೆಳೆದ ಹಾಗೆ ಕಬ್ಬಿಣದ ಪುಡಿ ಅಂಟಿಕೊಂಡಿತು. ಹಾಗೇ ಹಳಿಯ ಪಕ್ಕ ಹಾಕಿದ್ದರೆ ಅದು ಇಂಜಿನ್ನಿನ ಮೋಟರಿನೊಳಗೆ ಸೇರಿ ಮೋಟರ್ ಹಾಳಾಗುತ್ತಿತ್ತು.

ಸುರಂಗದ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಇಂಜಿನ್ ಮಾತ್ರ ಓಡಿಸಿ ನೋಡಿ ಸುರಂಗದ ಮೇಲೆ ಬೆಟ್ಟ ಪೂರ್ತಿ ಮುಚ್ಚಿಬಿಟ್ಟೆ. ಉದ್ದದ ಬೋಗಿ ತಿರುವಿನಲ್ಲಿ ಹೋಗುವಾಗ ಅದರ ನಡುಭಾಗ ಒಳಗೆ ಸರಿಯುತ್ತದೆ, ಮೂಲೆಗಳು ಹೊರಗೆ ಚಾಚುತ್ತವೆ. ಮೊದಲ ದಿನವೇ ಬೋಗಿ ಒಳಗೆ ಬಂಡೆಗೆ ತಾಗಿ ಹಳಿ ತಪ್ಪಿತು, ಕೈ ಹಾಕಲು ದಾರಿ ಇಲ್ಲ. ಬೆಟ್ಟದ ಹಿಂಬದಿ ಗರಗಸದ ಬ್ಲೇಡಿನಲ್ಲಿ ಕೊಯ್ಯಬೇಕಾಯಿತು. ಆಗ ಬ್ಯಾಂಡೇಜಿನ ಇನ್ನೊಂದು ಗುಣ ಗೊತ್ತಾಯಿತು. ಒಳಗೆ ಬಟ್ಟೆ ಇರುವುದರಿಂದ ಪ್ಲಾಸ್ಟರ್ ಎಲ್ಲೂ ಬಿರುಕು ಬಿಡದೆ, ಕುಂಬಳಕಾಯಿಗೆ ಕಿಟಕಿ ಕೊರೆದ ಹಾಗೆ ಅಚ್ಚುಕಟ್ಟಾಗಿ ಒಂದು ತುಂಡು ಹೊರಬಂತು. ಈಗ ಅದೇ ಬಾಗಿಲು. ನೀವು ಮೊದಲೇ ಉದ್ದದ ಬೋಗಿಯ ನಡುವೆ ಮತ್ತು ಮೂಲೆಗೆ ಪೆನ್ಸಿಲ್ ಕಟ್ಟಿ ಕೈಯಲ್ಲಿ ತಳ್ಳಿಕೊಂಡು ಹೋಗಿ, ಅದು ಎಳೆದ ಗೆರೆಯಿಂದ ಆಚೆಗೆ ಬಂಡೆ ಇಡಿ. ಸುರಂಗದ ಒಳಗೋಡೆಗೂ ಒಂದು ಗೇಣಿನವರೆಗೆ ಬಂಡೆ ಒತ್ತಿ ಕಪ್ಪು ಬಳಿಯಿರಿ, ಬಗ್ಗಿ ನೋಡಿದರೆ ರಟ್ಟು ಕಾಣಬಾರದು.

ಮಳೆಗಾಲದಲ್ಲಿ ಈ ಕೆಲಸ ಬೇಡ ಅಂತಲೇ ಹೇಳುತ್ತೇನೆ. ಬಿಗಿಯುವುದು ಐದು ನಿಮಿಷವಾದರೂ ಒಳಗಿನ ನೀರು ಆರಲು ವಾರ ಹಿಡಿಯುತ್ತದೆ, ಒದ್ದೆಯ ಮೇಲೆ ಅಂಟಿಸಿದ ಸ್ಪಂಜು ಸೊಪ್ಪೆಲ್ಲ ಕಿತ್ತು ಬರುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಸಮಯ.

ಮುಂದಿನ ತಿಂಗಳು ಇನ್ನೂ ಎರಡು ರೋಲ್ ತರಬೇಕು. 2024ರ ಜುಲೈಯಲ್ಲಿ ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ ಗುಡ್ಡ ಕುಸಿದು ರೈಲು ನಿಂತಿತ್ತಲ್ಲ, ಅಂಥ ಜಾಗದಲ್ಲಿ ತಂತಿ ಬಲೆಯೊಳಗೆ ಕಲ್ಲು ತುಂಬಿ ಕಟ್ಟುವ ಗೋಡೆ ಇರುತ್ತದೆ. ಸೊಳ್ಳೆ ಪರದೆಯ ನೈಲಾನ್ ಬಲೆ ಕತ್ತರಿಸಿ, ಜರಡಿ ಹಿಡಿದ ಜಲ್ಲಿ ತುಂಬಿ, ಹೊಲಿದು ಒಂದು ಚಿಕ್ಕ ಪೆಟ್ಟಿಗೆ ಮಾಡಿ ನೋಡಿದೆ. ಬೆಂಕಿಪೊಟ್ಟಣದ ಅರ್ಧ ಗಾತ್ರದ್ದು. ಹಳಿಯ ಪಕ್ಕ ಇಟ್ಟರೆ ಸರಿಯಾಗಿಯೇ ಕೂರುತ್ತದೆ, ಇನ್ನು ಇಪ್ಪತ್ತು ಹೊಲಿಯಬೇಕು.